ಅವಳಿಗೆ ಹೇಳ್ತಾನಾ?

ಜುಲೈ ಕೊನೆಯ ವಾರ. ಮೂರು ದಿನದಿಂದ ಇಲ್ಲದ ಕರೆಂಟ್ ಆವತ್ತು ಮಧ್ಯಾಹ್ನ ಬಂದಿತ್ತು. ಸುಂಟಿಕೊಪ್ಪದ ಕಡೆ ಮಳೆಗಾಲದಲ್ಲಿ ಕರೆಂಟ್ ಬಂತು ಅಂದರೆ ಮನೆಯಲ್ಲಿ ಒಂದು ಓಟ ಶುರುವಾಗುತ್ತದೆ. ಮೊದಲು ಮೊಬೈಲು ಚಾರ್ಜಿಗೆ, ಆಮೇಲೆ ಟ್ಯಾಂಕಿಗೆ ನೀರು, ಆಮೇಲೆ ಮಿಕ್ಸಿ. ಅದೆಲ್ಲ ಮುಗಿದು ಕತ್ತಲಾದರೂ ಕರೆಂಟ್ ಹೋಗಲಿಲ್ಲ. ಇಷ್ಟು ಒಳ್ಳೆಯ ಕರೆಂಟನ್ನು ಸುಮ್ನೆ ಬಿಡಬಾರದು ಅನ್ನಿಸಿ ಲ್ಯಾಪ್‌ಟಾಪ್ ತೆಗೆದೆ. ಸ್ನೇಹಿತನೊಬ್ಬ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ ಹಳೇ ಸಿನಿಮಾಗಳ ನಡುವೆ 'ಲವ್ ಸ್ಟೋರಿ' ಇತ್ತು. 1970ರದ್ದು. ಹೆಸರು ಕೇಳಿದ್ದೆ, ನೋಡಿರಲಿಲ್ಲ.

ಸಿನಿಮಾ ಶುರುವಾಗಿ ಐದು ನಿಮಿಷ ಆಗಿರಬಹುದು, ಚಿಕ್ಕಪ್ಪ ಕೊಟ್ಟಿಗೆ ಕಡೆಯಿಂದ ಬಂದರು. ಒದ್ದೆ ಕಂಬಳಿಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ಮಣೆ ಎಳೆದು ಕೂತರು.

"ಏನದು?"

"ಇಂಗ್ಲಿಷ್ ಸಿನಿಮಾ."

"ಹೊಡೆದಾಟ ಇದೆಯಾ?"

"ಇಲ್ಲ. ಹುಡುಗಿ ಸಾಯ್ತಾಳೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಚಿಕ್ಕಪ್ಪ ಬೇಜಾರು ಮಾಡಿಕೊಂಡಿದ್ದು ಬೇರೆ ಕಾರಣಕ್ಕೆ. "ಕತೆನೇ ಹೇಳಿಬಿಟ್ಟೆಯಲ್ಲ ಮಾರಾಯ" ಅಂದರು.

ನಾನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸಿನಿಮಾದ ಮೊದಲ ಮಾತೇ ಅದು. ಮಂಜು ಬಿದ್ದ ಮೈದಾನದ ಮುಂದೆ ಒಬ್ಬ ಹುಡುಗ ಒಬ್ಬನೇ ಕೂತಿದ್ದಾನೆ. ಇಪ್ಪತ್ತೈದನೇ ವಯಸ್ಸಿಗೆ ಸತ್ತುಹೋದ ಹುಡುಗಿಯ ಬಗ್ಗೆ ಏನು ಹೇಳೋದು ಅಂತ ಅವನೇ ಕೇಳುತ್ತಾನೆ. ಸಾವನ್ನು ಗುಟ್ಟಾಗಿಟ್ಟು ಕೊನೆಗೆ ಹೊಡೆಯುವ ಆಟ ಇಲ್ಲಿಲ್ಲ. ಸಾಯುತ್ತಾಳೆ ಅಂತ ನಮಗೆ ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ಅವರಿಬ್ಬರಿಗೆ. ಅವರು ಹಿಮದಲ್ಲಿ ಬಿದ್ದು ಹೊರಳಾಡುವಾಗ, ಚಿಲ್ಲರೆ ಜಗಳ ಆಡುವಾಗ, ನಾವು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನೋಡುತ್ತಾ ಕೂರಬೇಕು. ಇದು ನಮ್ಮ ಮನೆಯವರಿಗೆ ಚೆನ್ನಾಗಿ ಅಭ್ಯಾಸ ಇರುವ ಕೆಲಸ.

ಕತೆ ದೊಡ್ಡದೇನಲ್ಲ. ಆಲಿವರ್ ದುಡ್ಡಿದ್ದವರ ಮನೆಯ ಹುಡುಗ, ಹಾರ್ವರ್ಡ್‌ನಲ್ಲಿ ಓದುತ್ತಾ ಐಸ್ ಹಾಕಿ ಆಡುತ್ತಾನೆ. ಜೆನ್ನಿ ಸಂಗೀತ ಓದುವವಳು, ಬೇಕರಿಯವನ ಮಗಳು, ಬಾಯಿ ಸ್ವಲ್ಪ ಜೋರು. ಅಪ್ಪನನ್ನು ಹೆಸರು ಹಿಡಿದು ಕರೆಯುತ್ತಾಳೆ. (ಚಿಕ್ಕಪ್ಪನಿಗೆ ಇಡೀ ಸಿನಿಮಾದಲ್ಲಿ ನುಂಗೋಕೆ ಆಗದೇ ಹೋದದ್ದು ಇದೊಂದೇ. ಸಾವಲ್ಲ.) ಪ್ಯಾರಿಸ್ಸಿಗೆ ಹೋಗಿ ಓದೋ ಅವಕಾಶ ಬಿಟ್ಟು ಅವನನ್ನು ಮದುವೆಯಾಗುತ್ತಾಳೆ. ಅವನ ಅಪ್ಪ ದುಡ್ಡು ನಿಲ್ಲಿಸುತ್ತಾನೆ. ಇವಳು ಟೀಚರ್ ಕೆಲಸ ಮಾಡಿ ಗಂಡನನ್ನು ಲಾ ಓದಿಸುತ್ತಾಳೆ. ಅವನಿಗೆ ನ್ಯೂಯಾರ್ಕಿನಲ್ಲಿ ಕೆಲಸ ಸಿಗುತ್ತದೆ. ಇನ್ನೇನು ಸುಖ ಅನ್ನುವಾಗ ಮಕ್ಕಳಾಗಿಲ್ಲ ಅಂತ ಡಾಕ್ಟರ ಹತ್ತಿರ ಹೋಗುತ್ತಾರೆ.

ಇಲ್ಲಿವರೆಗೆ ನಾನು ಅಲ್ಲಲ್ಲಿ ಕನ್ನಡದಲ್ಲಿ ಹೇಳುತ್ತಾ ಬಂದಿದ್ದೆ. ಮಕ್ಕಳ ವಿಷಯ ಬಂದಾಗ ಸುಮ್ಮನಾದೆ. ಚಿಕ್ಕಪ್ಪ ಚಿಕ್ಕಮ್ಮನಿಗೂ ಮಕ್ಕಳಿರಲಿಲ್ಲ. ಒಂದು ಕಾಲದಲ್ಲಿ ಅವರೂ ಅದಕ್ಕೆ ಅಂತ ಮೈಸೂರಿಗೆ ತಿರುಗಿದ್ದರು.

ಡಾಕ್ಟರು ಗಂಡನನ್ನು ಮಾತ್ರ ಕೂರಿಸಿಕೊಂಡು ಮಾತಾಡುತ್ತಾರೆ. ಆ ದೃಶ್ಯಕ್ಕೆ ಚಿಕ್ಕಪ್ಪನಿಗೆ ಅನುವಾದ ಬೇಕಾಗಲಿಲ್ಲ. ಮುಂದಕ್ಕೆ ಬಗ್ಗಿದರು. ಆಲಿವರ್ ಹೊರಗೆ ಬಂದು ಜನರ ನಡುವೆ ದಿಕ್ಕು ತಪ್ಪಿದವನ ಹಾಗೆ ನಡೆಯತೊಡಗಿದಾಗ ಕೇಳಿದರು.

"ಅವಳಿಗೆ ಹೇಳ್ತಾನಾ?"

*

ನಮ್ಮ ಚಿಕ್ಕಮ್ಮನಿಗೆ ಹೊಟ್ಟೆ ಉಬ್ಬರ ಶುರುವಾದದ್ದು ದಸರಾ ಆಸುಪಾಸಿನಲ್ಲಿ. ಗ್ಯಾಸ್ಟ್ರಿಕ್ ಅಂದುಕೊಂಡೆವು. ಕೊಡಗಿನಲ್ಲಿ ಎಲ್ಲದಕ್ಕೂ ಗ್ಯಾಸ್ಟ್ರಿಕ್ಕೇ ಕಾರಣ, ಅಲ್ವಾ? ಎರಡು ತಿಂಗಳು ಓಮದ ನೀರು, ಜೀರಿಗೆ ಕಷಾಯ, ಮೆಡಿಕಲ್ಲಿನ ಗುಲಾಬಿ ಬಣ್ಣದ ಔಷಧಿ. ಸೀರೆಯ ನೆರಿಗೆ ನಿಲ್ಲದಷ್ಟು ಹೊಟ್ಟೆ ಬಂದ ಮೇಲೆ ಸ್ಕ್ಯಾನಿಂಗ್. ಅಂಡಾಶಯದ ಕ್ಯಾನ್ಸರ್. ಈ ಕಾಯಿಲೆಯ ಗುಣವೇ ಹಾಗಂತೆ. ಉಬ್ಬರ, ಬೇಗ ಹೊಟ್ಟೆ ತುಂಬಿದ ಹಾಗಾಗುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು. ಯಾರಿಗೂ ಅನುಮಾನ ಬಾರದಂಥ ಲಕ್ಷಣಗಳು. ಗೊತ್ತಾಗುವಷ್ಟರಲ್ಲಿ ಹೊಟ್ಟೆ ತುಂಬಾ ಹರಡಿರುತ್ತದೆ.

ಮೈಸೂರಿನ ಡಾಕ್ಟರೂ ಚಿಕ್ಕಪ್ಪನನ್ನು ಮಾತ್ರ ಒಳಗೆ ಕರೆದರು. ಚಿಕ್ಕಮ್ಮ ಹೊರಗೆ ಬೆಂಚಿನ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು, ನನ್ನ ಜೊತೆ ಕಾಫಿ ಕೊಯ್ಲಿನ ಮಾತಾಡುತ್ತಿದ್ದಳು. ಚಿಕ್ಕಪ್ಪ ಹತ್ತು ನಿಮಿಷಕ್ಕೆ ಹೊರಗೆ ಬಂದರು. ಮುಖ ಒರೆಸಿಕೊಂಡು ಬಂದಿದ್ದರು ಅಂತ ಕಾಣುತ್ತಿತ್ತು, ಮುಂಗೂದಲು ಒದ್ದೆ. "ಏನಿಲ್ಲ, ಗಡ್ಡೆ. ಔಷಧಿಗೆ ಕರಗುತ್ತಂತೆ" ಅಂದರು. ಅಷ್ಟೇ. ಆ ಒಂದು ಮಾತಿನ ಮೇಲೆ ನಮ್ಮ ಮನೆ ಎಂಟು ತಿಂಗಳು ನಡೆಯಿತು.

ಆವತ್ತಿಂದ ಚಿಕ್ಕಪ್ಪ ಆಸ್ಪತ್ರೆಗೆ ಹೋದಾಗಲೆಲ್ಲ ಒಂದು ವಿಚಿತ್ರ ನಡಿಗೆ ನಡೆಯುತ್ತಿದ್ದರು. ಆ ವಿಭಾಗದ ಬಾಗಿಲ ಮೇಲೆ ಕನ್ನಡದಲ್ಲಿ 'ಕ್ಯಾನ್ಸರ್' ಅಂತ ಬರೆದ ಬೋರ್ಡಿತ್ತು. ಅದು ಹತ್ತಿರ ಬಂದಾಗ ಇವರು ಸರಕ್ಕನೆ ಎಡಕ್ಕೆ ಬಂದು ಚಿಕ್ಕಮ್ಮನ ಪಕ್ಕ ಅಡ್ಡಲಾಗಿ ನಡೆದು, ಏನೋ ಮಾತು ತೆಗೆಯುತ್ತಿದ್ದರು. ಬೆಂಚಿನಲ್ಲಿ ಕೂರಿಸುವಾಗಲೂ ಅವಳ ಬೆನ್ನು ಬೋರ್ಡಿನ ಕಡೆಗೆ. ಆರಡಿ ಎತ್ತರದ ಮನುಷ್ಯ, ಒಂದು ಬೋರ್ಡಿಗೆ ಅಡ್ಡ ನಿಲ್ಲುವುದನ್ನೇ ಉದ್ಯೋಗ ಮಾಡಿಕೊಂಡಿದ್ದ.

ಕೊಡಗಿನಿಂದ ಮೈಸೂರಿಗೆ ಹೋಗಿಬರುವುದು ಅಂದರೆ ಏನು ಅಂತ ಹೋದವರಿಗೆ ಗೊತ್ತು. ಜಿಲ್ಲೆಯಲ್ಲಿ ರೈಲಿಲ್ಲ. ಇರುವುದು ರಸ್ತೆ ಒಂದೇ. ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು. ಸುಂಟಿಕೊಪ್ಪ ದಾಟಿದ ಕೂಡಲೇ ಆನೆಕಾಡು. ಹೆಸರೇ ಹೇಳುವ ಹಾಗೆ, ಬೆಳಕು ಹರಿಯುವ ಮೊದಲು ಅಲ್ಲಿ ಗಾಡಿ ಹಾಕೋಕೆ ಭಯ. ಬೆಳಕಾದ ಮೇಲೆ ಹೊರಟರೆ ಆಸ್ಪತ್ರೆಯಲ್ಲಿ ಟೋಕನ್ ನಂಬರು ಎಪ್ಪತ್ತು ದಾಟಿರುತ್ತದೆ. ಕೀಮೋ ಮೂರು ವಾರಕ್ಕೊಂದು, ಒಟ್ಟು ಆರು. ಹೋಗುವಾಗ ಹುಣಸೂರಿನಲ್ಲಿ ಇಡ್ಲಿ, ಬರುವಾಗ ಅದೇ ಹುಣಸೂರಿನಲ್ಲಿ ಗಾಡಿ ನಿಲ್ಲಿಸಿ ವಾಂತಿ. ಕೀಮೋ ಅಂತ ಯಾರೂ ಹೇಳುತ್ತಿರಲಿಲ್ಲ. 'ಡ್ರಿಪ್' ಅನ್ನುತ್ತಿದ್ದೆವು.

ಎರಡನೇ ಡ್ರಿಪ್ಪಿನ ಹೊತ್ತಿಗೆ ಕೂದಲು ಉದುರಿತು. "ಔಷಧಿ ಹೀಟಂತೆ" ಅಂದರು ಚಿಕ್ಕಪ್ಪ. ಚಿಕ್ಕಮ್ಮ "ಹೌದಾ" ಅಂದಳು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಜೀವಮಾನವಿಡೀ ಸಿನಿಮಾ ನೋಡಿದವಳು ಅವಳು. ತಲೆಗೆ ಸ್ಕಾರ್ಫ್ ಕಟ್ಟಿದ ಹೀರೋಯಿನ್ ಅಂದರೆ ಏನು ಅಂತ ಅವಳಿಗೆ ಗೊತ್ತಿರಲ್ವಾ?

*

'ಲವ್ ಸ್ಟೋರಿ'ಯಲ್ಲಿ ಕೂದಲು ಉದುರುವುದಿಲ್ಲ. ಯಾರೂ ವಾಂತಿ ಮಾಡುವುದಿಲ್ಲ. ಕಾಯಿಲೆಯ ಹೆಸರನ್ನೂ ಸಿನಿಮಾ ಹೇಳುವುದಿಲ್ಲ. ಎರಿಕ್ ಸೀಗಲ್ ಮೊದಲು ಚಿತ್ರಕತೆ ಬರೆದು, ಆಮೇಲೆ ಅದನ್ನೇ ಕಾದಂಬರಿ ಮಾಡಿದ. ಕಾದಂಬರಿ ಸಿನಿಮಾಗಿಂತ ಮೊದಲೇ, 1970ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ ಲುಕೇಮಿಯಾ, ಅಂದರೆ ಬ್ಲಡ್ ಕ್ಯಾನ್ಸರ್, ಅಂತ ಇದೆ. ತೆರೆಯ ಮೇಲೆ ಮಾತ್ರ ಜೆನ್ನಿ ಸ್ವಲ್ಪ ಬಿಳುಚಿಕೊಂಡು, ಇನ್ನಷ್ಟು ಚೆಂದ ಕಾಣುತ್ತಾ ಹೋಗುತ್ತಾಳೆ. ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಇದಕ್ಕೆ ಆ ನಟಿಯ ಹೆಸರನ್ನೇ ಇಟ್ಟು 'ಅಲಿ ಮ್ಯಾಕ್‌ಗ್ರಾ ಕಾಯಿಲೆ' ಅಂತ ಕರೆದ. ಸಾವು ಹತ್ತಿರ ಬಂದಷ್ಟೂ ರೋಗಿ ಸುಂದರವಾಗುವುದು ಅದರ ಒಂದೇ ಲಕ್ಷಣ. ಹಾಗಂತ ಅವನಿಗೆ ಸಿನಿಮಾ ಹಿಡಿಸಲಿಲ್ಲ ಅಂತಲ್ಲ. ಬಂದಾಗ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದ. ಅತ್ತಮೇಲೆ ನಗುವ ಜಾತಿಯವನು, ನಮ್ಮ ಚಿಕ್ಕಮ್ಮನ ಹಾಗೆ.

ನಮ್ಮ ದೇಶದ ಸಿನಿಮಾಗಳಿಗೂ ಬ್ಲಡ್ ಕ್ಯಾನ್ಸರ್ ಅಂದರೆ ಬಹಳ ಇಷ್ಟ. ಗಾಯ ಇಲ್ಲ, ಹುಣ್ಣಿಲ್ಲ, ವಾಸನೆ ಇಲ್ಲ. ಮೂಗಿನಿಂದ ಒಂದು ಹನಿ ರಕ್ತ, ಒಂದು ಕೆಮ್ಮು, ಸಾಕು. ಹೊಟ್ಟೆಯಲ್ಲಿ ನೀರು ತುಂಬಿ ಬಸುರಿಯ ಹಾಗೆ ಕಾಣುವ ಕ್ಯಾನ್ಸರ್ ಇಟ್ಟುಕೊಂಡು ಯಾರೂ ಡ್ಯುಯೆಟ್ ಬರೆಯುವುದಿಲ್ಲ. ತಮಾಷೆ ಏನಂದರೆ ಸಿನಿಮಾದವರು ಖಾಯಂ ಸಾವು ಅಂತ ಹಿಡಿದುಕೊಂಡ ಆ ಬ್ಲಡ್ ಕ್ಯಾನ್ಸರಿನಲ್ಲೇ ಒಂದು ಬಗೆಗೆ 2001ರಲ್ಲಿ ಇಮ್ಯಾಟಿನಿಬ್ ಅನ್ನುವ ಮಾತ್ರೆ ಬಂತು. ಈಗ ಅದನ್ನು ಬಿಪಿ ಮಾತ್ರೆಯ ಹಾಗೆ ದಿನಾ ನುಂಗಿಕೊಂಡು ಜನ ವರ್ಷಾನುಗಟ್ಟಲೆ ಬದುಕುತ್ತಾರೆ. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದಕ್ಕೆ ಪೇಟೆಂಟ್ ಕೊಡೋಕೆ ಆಗಲ್ಲ ಅಂದದ್ದರಿಂದ ಕಡಿಮೆ ಬೆಲೆಯ ಮಾತ್ರೆಗಳ ದಾರಿಯೂ ಮುಚ್ಚಲಿಲ್ಲ. ಆಲಿವರ್ ಕತೆ ಇವತ್ತು ಬರೆದರೆ ಬೇರೆ ಕಾಯಿಲೆ ಹುಡುಕಬೇಕಾಗಬಹುದು.

ಇಷ್ಟೆಲ್ಲ ಕೊಂಕು ಹೇಳಿದರೂ ಈ ಸಿನಿಮಾದ ಒಂದು ತುಂಡು ನನಗೆ ನಿಜ ಅನ್ನಿಸಿತು. ಸಾಯುವ ದೃಶ್ಯ ಅಲ್ಲ. ಡಾಕ್ಟರ ಮಾತು ಕೇಳಿದ ಮೇಲೆ ಆಲಿವರ್ ಮನೆಗೆ ಬರುತ್ತಾನಲ್ಲ, ಅದು. ಎಲ್ಲ ಮಾಮೂಲಿನ ಹಾಗೇ ಇರಲಿ ಅಂತ ಡಾಕ್ಟರು ಹೇಳಿರುತ್ತಾರೆ. ಇವನು ಮಾಮೂಲಿನ ಹಾಗೆ ಇರೋಕೆ ಹೊರಡುತ್ತಾನೆ. ಮಾಮೂಲಿನ ಹಾಗೆ ಇರಬೇಕು ಅಂತ ಹೊರಟ ಮನುಷ್ಯನಷ್ಟು ವಿಚಿತ್ರವಾಗಿ ಕಾಣುವವನು ಇನ್ನೊಬ್ಬನಿಲ್ಲ. ಇದ್ದಕ್ಕಿದ್ದಂತೆ ಪ್ರೀತಿ ಜಾಸ್ತಿಯಾಗುತ್ತದೆ, ಮಾತು ನಯವಾಗುತ್ತದೆ. ಹೆಂಡತಿಯರಿಗೆ ಅನುಮಾನ ಬರೋಕೆ ಇದಕ್ಕಿಂತ ಏನು ಬೇಕು?

ಡಾಕ್ಟರು ಗಂಡನಿಗೆ ಮಾತ್ರ ಹೇಳುವುದು ಆ ಕಾಲದ ಅಮೆರಿಕದಲ್ಲಿ ವಿಶೇಷವೇನಲ್ಲ. 1961ರಲ್ಲಿ ಷಿಕಾಗೋದ ಒಂದು ಆಸ್ಪತ್ರೆಯ ಡಾಕ್ಟರುಗಳನ್ನು ಕೇಳಿದಾಗ ಶೇಕಡಾ 90ರಷ್ಟು ಮಂದಿ, ಕ್ಯಾನ್ಸರ್ ಅಂತ ರೋಗಿಗೆ ಹೇಳದಿರುವುದೇ ನಮ್ಮ ರೂಢಿ ಅಂದಿದ್ದರು. 1979ರಲ್ಲಿ ಅಂಥದ್ದೇ ಪ್ರಶ್ನೆ ಕೇಳಿದಾಗ ಉತ್ತರ ತಲೆಕೆಳಗಾಗಿತ್ತು. ಶೇಕಡಾ 97 ಮಂದಿ ಹೇಳುತ್ತೇವೆ ಅಂದರು. ಸಿನಿಮಾ ಆ ಎರಡರ ಮಧ್ಯೆ ಬಂದದ್ದು. ನಮ್ಮ ಮನೆ ಇನ್ನೂ 1961ರಲ್ಲೇ ಇತ್ತು. ಚಿಕ್ಕಪ್ಪನನ್ನು ದೂರುತ್ತಿಲ್ಲ. ನಾನೂ ಅದೇ ಮನೆಯಲ್ಲಿದ್ದೆ, ನಾನೂ 'ಗಡ್ಡೆ' ಅಂದವನೇ.

ಮುಂದೆ ಆಲಿವರ್ ಎರಡು ಪ್ಯಾರಿಸ್ ಟಿಕೆಟ್ ತರುತ್ತಾನೆ. ಹುಡುಗಿ ತನಗೋಸ್ಕರ ಬಿಟ್ಟುಕೊಟ್ಟ ಊರು. ಜೆನ್ನಿ ಬೇಡ ಅನ್ನುತ್ತಾಳೆ. ತನಗೆ ಬೇಕಾದದ್ದು ಪ್ಯಾರಿಸ್ ಅಲ್ಲ, ಟೈಮು, ಅದನ್ನು ಕೊಡೋಕೆ ನಿನ್ನಿಂದ ಆಗಲ್ಲ ಅನ್ನುತ್ತಾಳೆ. ಅಂದರೆ ಅವಳಿಗೆ ಗೊತ್ತು. ಡಾಕ್ಟರನ್ನು ಹಿಡಿದು ತಾನೇ ಕೇಳಿಕೊಂಡು ಬಂದಿದ್ದಾಳೆ.

ಇದನ್ನು ಕನ್ನಡದಲ್ಲಿ ಹೇಳಿದೆ. "ಸ್ವಲ್ಪ ನಿಲ್ಲಿಸು" ಅಂದರು ಚಿಕ್ಕಪ್ಪ. ಎದ್ದು ಹೋಗಿ ಒಲೆಗೆ ಒಂದು ಕೊಳ್ಳಿ ತಳ್ಳಿ ಬಂದರು. ಒಲೆ ಚೆನ್ನಾಗೇ ಉರಿಯುತ್ತಿತ್ತು.

*

ಆ ವರ್ಷ ಫೆಬ್ರವರಿಯಲ್ಲಿ ಚಿಕ್ಕಪ್ಪ ಮೆಣಸು ಮಾರಿದರು. ಕರಿಮೆಣಸು ನಮ್ಮಲ್ಲಿ ಬೆಳೆ ಮಾತ್ರ ಅಲ್ಲ, ಬ್ಯಾಂಕು. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ದು, ಒಣಗಿಸಿ, ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರೆ ವರ್ಷಗಟ್ಟಲೆ ಏನೂ ಆಗಲ್ಲ. ರೇಟು ಬಂದಾಗ ಕೊಟ್ಟರಾಯಿತು. ಮೂರು ವರ್ಷದ ಮೆಣಸಿತ್ತು ಅಟ್ಟದಲ್ಲಿ. ಒಂದು ದಿನ ಮಧ್ಯಾಹ್ನ ಜೀಪು ಬಂತು, ಎಲ್ಲ ಚೀಲ ಹೋಯಿತು. "ಒಳ್ಳೆ ರೇಟು ಬಂತು, ಕೊಟ್ಟುಬಿಟ್ಟೆ" ಅಂತ ಚಿಕ್ಕಮ್ಮನ ಹತ್ತಿರ ಹೇಳಿದರು. ಆಗ ರೇಟು ನೆಲ ಕಚ್ಚಿತ್ತು.

ಚಿಕ್ಕಮ್ಮ ಓದಿದ್ದು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಆದರೆ 'ಶಕ್ತಿ' ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವಳು. ಯಾರು ತೀರಿಕೊಂಡರು ಅಂತ ನೋಡಿದ ಮೇಲೆ ಕಾಫಿ, ಮೆಣಸು, ಏಲಕ್ಕಿಯ ದರ. ಅವಳು "ಹೌದಾ, ಒಳ್ಳೆದಾಯ್ತು ಬಿಡಿ" ಅಂದಳು. ನಾನು ಪಕ್ಕದಲ್ಲೇ ಇದ್ದೆ. ಆವತ್ತಿನ ಪೇಪರು ಅವಳ ದಿಂಬಿನ ಪಕ್ಕ ಮಡಚಿಟ್ಟಿತ್ತು.

ಆಲಿವರನೂ ದುಡ್ಡಿಗೆ ಸುಳ್ಳು ಹೇಳುತ್ತಾನೆ. ಮಾತು ಬಿಟ್ಟ ಅಪ್ಪನ ಹತ್ತಿರ ಹೋಗಿ ಐದು ಸಾವಿರ ಡಾಲರ್ ಕೇಳುತ್ತಾನೆ. ಹೆಂಡತಿಗೆ ಹುಷಾರಿಲ್ಲ ಅನ್ನಲ್ಲ. ಬೇರೆ ಹುಡುಗಿಯ ತಾಪತ್ರಯ ಅಂತ ಅಪ್ಪ ತಾನೇ ಊಹಿಸಿಕೊಂಡಾಗ ಹೌದು ಅಂದುಬಿಡುತ್ತಾನೆ. ಚಿಕ್ಕಪ್ಪ ಈ ದೃಶ್ಯಕ್ಕೆ ತಲೆ ಅಲ್ಲಾಡಿಸಿದರು. ಮೆಚ್ಚಿಕೊಂಡರೋ ಬೈದುಕೊಂಡರೋ ತಿಳಿಯಲಿಲ್ಲ.

ಚಿಕ್ಕಮ್ಮನಿಗೆ ಇಂಥ ಸಿನಿಮಾಗಳೆಂದರೆ ಪ್ರಾಣ, ಮತ್ತು ಅಷ್ಟೇ ತಾತ್ಸಾರ. ಮಣಿರತ್ನಂ ಅವರ 'ಗೀತಾಂಜಲಿ' ಕೇಬಲ್ಲಿನಲ್ಲಿ ಬಂದಾಗಲೆಲ್ಲ ನೋಡುತ್ತಿದ್ದಳು. 1989ರ ತೆಲುಗು ಸಿನಿಮಾ. ನಾಗಾರ್ಜುನ, ಗಿರಿಜಾ. ತಮಿಳಿಗೂ ಡಬ್ ಆಗಿ ಓಡಿತ್ತು. ತೋಟದ ಕೆಲಸದವರ ಲೈನ್ ಮನೆಗಳಿಂದ ಆ ಇಳಯರಾಜಾ ಹಾಡುಗಳು ಭಾನುವಾರ ಇಡೀ ಕೇಳಿಸುತ್ತಿದ್ದವು. ಅದರಲ್ಲಿ ಇಬ್ಬರಿಗೂ ಕಾಯಿಲೆ. ಅವನಿಗೆ ಬ್ಲಡ್ ಕ್ಯಾನ್ಸರ್, ಅವಳಿಗೆ ಹೃದಯದ್ದು. ಊಟಿಯ ಮಂಜಿನಲ್ಲಿ ಹುಡುಗಿ ಕುಣಿಯುತ್ತಾಳೆ, ಕೀಟಲೆ ಮಾಡುತ್ತಾಳೆ, ತಾನು ಸಾಯ್ತೀನಿ ಅಂತ ಲೀಲಾಜಾಲವಾಗಿ ಹೇಳುತ್ತಾಳೆ. "ಸಾಯೋಳು ಇಷ್ಟು ಗುಡ್ಡ ಹತ್ತುತ್ತಾಳಾ? ನಮ್ಮ ಗೇಟಿಂದ ಮನೆಗೆ ಬರೋಕೇ ಏದುಸಿರು ಬರುತ್ತೆ" ಅಂತ ಚಿಕ್ಕಮ್ಮ. ಕೊನೆಯ ರೈಲ್ವೆ ಸ್ಟೇಷನ್ನಿನ ದೃಶ್ಯಕ್ಕೆ ಮಾತ್ರ ಸೆರಗು ಕಣ್ಣಿಗೆ. "ನಮ್ಮ ಕೊಡಗಿನಲ್ಲಿ ಇದು ಆಗೋದಿಲ್ಲ ಮಾರಾಯ. ಸ್ಟೇಷನ್ನೇ ಇಲ್ಲ. ಬಸ್ಸ್ಟ್ಯಾಂಡಿನಲ್ಲಿ ಹಿಡಿದು ಮುತ್ತು ಕೊಟ್ಟರೆ ಕಂಡಕ್ಟರು ಇಳಿದು ಹೋಗಿ ಅನ್ನುತ್ತಾನೆ."

ಕಾಯಿಲೆ ಬಿದ್ದ ಮೇಲೆ ಅವಳು ಅಂಥ ಸಿನಿಮಾ ನೋಡಲಿಲ್ಲ. ಟಿವಿಯಲ್ಲಿ ಬಂದರೆ ಚಿಕ್ಕಪ್ಪ ಅವಸರದಲ್ಲಿ ಚಾನಲ್ ಬದಲಿಸುತ್ತಿದ್ದರು. ಅವರು ಬದಲಿಸಲಿ ಅಂತ ಅವಳೂ ಕಾಯುತ್ತಿದ್ದಳು.

ಮಾರ್ಚಿನಲ್ಲಿ ಹೂಮಳೆ, ಕಾಫಿ ಹೂ ಬಿಡಿಸುವ ಮಳೆ, ಚೆನ್ನಾಗಿ ಬಂತು. ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗೆ. ಕಾಫಿ ಹೂವು ಇರುವುದೇ ಎರಡು ಮೂರು ದಿನ, ಅಷ್ಟರಲ್ಲಿ ಮಲ್ಲಿಗೆಯ ಹಾಗೆ ಊರೆಲ್ಲ ಘಮ. ಸಿನಿಮಾ ಆಗಿದ್ದರೆ ಚಿಕ್ಕಮ್ಮ ಆ ವಾರ ತೀರಿಕೊಳ್ಳಬೇಕಿತ್ತು. ಆ ಕಿಟಕಿ, ಆ ಹೂವು, ಹಿಂದೆ ಒಂದು ಕೊಳಲು. ಅವಳಿಗೆ ಕೀಮೋದಿಂದ ಯಾವ ವಾಸನೆಯೂ ಆಗಿಬರುತ್ತಿರಲಿಲ್ಲ. ಹೂವಿನ ಘಮಕ್ಕೆ ವಾಕರಿಕೆ ಬರುತ್ತದೆ ಅಂತ ಕಿಟಕಿ ಮುಚ್ಚಿಸಿದಳು.

ಜೂನಿನಲ್ಲಿ ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿತು. ಇನ್ನು ಡ್ರಿಪ್ ಬೇಡ, ನೋವಿಗೆ ನೋಡಿಕೊಳ್ಳೋಣ ಅಂದರು ಡಾಕ್ಟರು. ಮಾರ್ಫಿನ್ ಮಾತ್ರೆ ಬಂತು. ನಾಲ್ಕು ಗಂಟೆಗೊಂದು, ಗಡಿಯಾರ ನೋಡಿ. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮುಂಚೆ ಕೊಡಬೇಕು ಅಂತ ಹೇಳಿಕೊಟ್ಟರು. ಮಲ ಕಟ್ಟುತ್ತದೆ, ಅದಕ್ಕೊಂದು ಔಷಧಿ ಜೊತೆಗೇ. ಈ ಮಾತ್ರೆ ಸಿಗುವುದು ನಮ್ಮ ದೇಶದಲ್ಲಿ ಬಹಳ ಕಷ್ಟವಿತ್ತು. ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೆ ದಾರಿ ಸ್ವಲ್ಪ ಸಲೀಸಾಯಿತು. ಸಿನಿಮಾಗಳಲ್ಲಿ ಕೊನೆಯ ಉಸಿರಿನವರೆಗೆ ಉದ್ದುದ್ದ ಮಾತಾಡುತ್ತಾರಲ್ಲ, ಅವರಿಗೆ ಯಾರು ನಾಲ್ಕು ಗಂಟೆಗೊಮ್ಮೆ ಮಾತ್ರೆ ಕೊಟ್ಟಿರುತ್ತಾರೆ ಅಂತ ಈಗ ಯೋಚನೆ ಬರುತ್ತದೆ. ನಮ್ಮ ಮನೆಯಲ್ಲಿ ಚಿಕ್ಕಪ್ಪ. ರಾತ್ರಿ ಎರಡು ಗಂಟೆಯ ಅಲಾರಂ ಇಡೀ ಮನೆಗೆ ಕೇಳಿಸುತ್ತಿತ್ತು. "ಗ್ಯಾಸ್ಟ್ರಿಕ್ ಮಾತ್ರೆ" ಅಂತ ಎಬ್ಬಿಸುತ್ತಿದ್ದರು.

*

ಆಗಸ್ಟ್ 3. ಕೊಡವರ ಲೆಕ್ಕದಲ್ಲಿ ಕಕ್ಕಡ ತಿಂಗಳ ಹದಿನೆಂಟು, ನಮ್ಮ ಮನೆಯಲ್ಲಿ ಆಟಿ ಹದಿನೆಂಟು ಅನ್ನುತ್ತೇವೆ. ಆವತ್ತು ಮದ್ದು ಸೊಪ್ಪಿನ ಪಾಯಸ ಆಗಲೇಬೇಕು. ಹಳ್ಳದ ದಂಡೆಯಲ್ಲಿ, ಬೇಲಿ ಸಾಲಿನಲ್ಲಿ ಬೆಳೆಯುವ ಗಿಡ. ಮಿಕ್ಕ ದಿನ ಅದನ್ನು ಯಾರೂ ತಿರುಗಿ ನೋಡಲ್ಲ. ಆವತ್ತು ಅದಕ್ಕೆ ಹದಿನೆಂಟು ಔಷಧಿ ಸೇರಿಕೊಳ್ಳುತ್ತದೆ ಅಂತ ನಂಬಿಕೆ. ಸೊಪ್ಪು ಬೇಯಿಸಿದರೆ ನೀರು ಕಡು ನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ. ಮೇಲೆ ತುಪ್ಪ.

ಚಿಕ್ಕಮ್ಮ ಹಿಂದಿನ ದಿನವೇ ಕೇಳಿದ್ದಳು, "ಸೊಪ್ಪು ತರ್ತೀರೋ ಇಲ್ವೋ?" ತಂದೆವು. ಅವಳು ನಾಲ್ಕು ಚಮಚ ತಿಂದಳು. ಅಷ್ಟು ಅವಳಿಗೆ ಜಾಸ್ತಿಯೇ. ಚಿಕ್ಕಪ್ಪ ಎರಡು ಬಟ್ಟಲು.

ಮಾರನೇ ದಿನ ಬೆಳಿಗ್ಗೆ ಆರು ಗಂಟೆ ಇರಬಹುದು. ಹೊರಗೆ ಮಳೆ ಸುರಿಯುತ್ತಿತ್ತು. ಚಿಕ್ಕಪ್ಪ ಬೆಡ್‌ಪ್ಯಾನ್ ಹಿಡಿದುಕೊಂಡು ಅವಳ ಕೋಣೆಯಿಂದ ಓಡಿ ಬಂದರು. ಮುಖದಲ್ಲಿ ಬಣ್ಣ ಇಲ್ಲ. "ರಕ್ತ ಕಣೋ. ರಕ್ತ ಹೋಗ್ತಿದೆ. ಗಾಡಿ ತೆಗಿ." ನಾನು ನೋಡಿದೆ. ಕೆಂಪಗಿತ್ತು. ನನಗೂ ಏನೂ ಹೊಳೆಯಲಿಲ್ಲ. ಗಾಡಿ ಕೀಲಿಗೆ ಗೋಡೆಯೆಲ್ಲ ತಡಕಾಡುತ್ತಿದ್ದೆ.

ಆಗ ಒಳಗಿಂದ ಒಂದು ಸದ್ದು ಬಂತು. ಮೊದಲು ಕೆಮ್ಮು ಅಂದುಕೊಂಡೆ. ನಗು. ಹೊಟ್ಟೆ ಹಿಡಿದುಕೊಂಡು, ನೋವಾಗುತ್ತದೆ ಅಂತ ನಿಲ್ಲಿಸಿ, ಮತ್ತೆ ತಡೆಯಲಾರದೆ ನಗುತ್ತಿದ್ದಳು.

"ರೀ, ಅದು ಕ್ಯಾನ್ಸರ್ ಅಲ್ಲ ಕಣ್ರೀ. ಸೊಪ್ಪು!"

ಕೊಡಗಿನಲ್ಲಿ ಹುಟ್ಟಿದ ಚಿಕ್ಕ ಮಗುವಿಗೂ ಗೊತ್ತು, ಮದ್ದು ಸೊಪ್ಪು ತಿಂದ ಮಾರನೇ ದಿನ ಮೂತ್ರ ಕೆಂಪಾಗುತ್ತದೆ ಅಂತ. ಅರವತ್ತು ವರ್ಷದಿಂದ ಪ್ರತಿ ಆಗಸ್ಟಿನಲ್ಲಿ ನೋಡಿದ ಮನುಷ್ಯ ಅದನ್ನು ಮರೆತಿದ್ದ. "ನಿಮ್ಮದು ನೋಡಿಕೊಳ್ಳಲಿಲ್ವಾ ಬೆಳಿಗ್ಗೆ?" ಅಂತ ಕೇಳಿದಳು. ಚಿಕ್ಕಪ್ಪ ಕತ್ತಲಲ್ಲಿ ಎದ್ದು ಕಾಫಿ ಗಿಡದ ಹಿಂದೆ ಮಳೆಯಲ್ಲಿ ನಿಂತು ಬಂದವರು. ಎಲ್ಲಿ ನೋಡಿಕೊಳ್ಳೋದು?

ಆಮೇಲೆ ನನಗೆ ತಟ್ಟಿತು, ಅವಳು ಏನು ಅಂದಳು ಅಂತ. ಆ ಪದ ನಮ್ಮ ಮನೆಯೊಳಗೆ ಯಾರೂ ಆಡಿರಲಿಲ್ಲ. ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು, ಬೆಡ್‌ಪ್ಯಾನ್ ಇನ್ನೂ ಕೈಯಲ್ಲೇ.

"ಯಾವಾಗಿಂದ?"

"ಡಿಸೆಂಬರಿಂದ."

ತುಂಬಾ ಹೊತ್ತು ಹೆಂಚಿನ ಮೇಲಿನ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಚಿಕ್ಕಪ್ಪ ಕೇಳಿದ ಪ್ರಶ್ನೆ ಯಾವ ಸಿನಿಮಾದವನೂ ಬರೆಯಲಾರ.

"ಹಂಗಾದ್ರೆ ಮೆಣಸಿಂದೂ ಗೊತ್ತಾ?"

"ಆ ರೇಟಿಗೆ ಯಾವನು ಮಾರ್ತಾನೆ?"

ಹೇಗೆ ಗೊತ್ತಾಯಿತು ಅಂತ ಅವಳು ನನಗೆ ಆಮೇಲೆ ಹೇಳಿದಳು. ಬೋರ್ಡಿಗೆ ಅಡ್ಡ ನಿಂತ ಗಂಡ ಟೋಕನ್ ಚೀಟಿಯನ್ನು ಮರೆತಿದ್ದರು. ಚಿಕ್ಕದೊಂದು ಕಾಗದ, ವಿಭಾಗದ ಹೆಸರು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬರಲ್ವಲ್ಲ ಅಂತ ಅದನ್ನು ಅವಳ ಕೈಯಲ್ಲೇ ಕೊಟ್ಟಿದ್ದರು. ಅವಳು ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಬಂದಳು. ಲೈನ್ ಮನೆಯ ಐದನೇ ಕ್ಲಾಸಿನ ಹುಡುಗಿ ಸಂಜೆ ಹೋಂವರ್ಕ್ ಮಾಡೋಕೆ ನಮ್ಮ ಜಗು­ಲಿಗೆ ಬರುತ್ತಿತ್ತು. ಇದನ್ನು ಓದು ಅಂದಳಂತೆ. ಹುಡುಗಿ ಒಂದೊಂದೇ ಅಕ್ಷರ ಕೂಡಿಸಿ "ಆನ್... ಕೋ... ಲಜಿ" ಅಂತು. ಅದಕ್ಕೆ ಅರ್ಥ ಗೊತ್ತಿರಲಿಲ್ಲ. ಮುಂದಿನ ವಾರ ಬಿಪಿ ನೋಡೋಕೆ ಬಂದ ಆಶಾ ಕಾರ್ಯಕರ್ತೆಯ ಹತ್ತಿರ, ನಮ್ಮ ನೆಂಟರೊಬ್ಬರಿಗೆ ಹಿಂಗಂತ ಬರೆದುಕೊಟ್ಟಿದ್ದಾರೆ, ಏನು ಅಂದರೆ, ಅಂತ ಕೇಳಿದಳಂತೆ. ಆಕೆ ಹೇಳಿದಳು.

"ಮತ್ತೆ ಯಾಕೆ ಹೇಳಲಿಲ್ಲ?" ಅಂದೆ.

"ಅವರು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಲ್ಲ" ಅಂದಳು.

ಅದಾದ ಮೇಲೆ ಅವರಿಬ್ಬರಿಗೆ ಸಿಕ್ಕಿದ್ದು ಹತ್ತೊಂಬತ್ತು ದಿನ. ಮುಚ್ಚುಮರೆ ಹೋದ ಮೇಲೆ ದೊಡ್ಡ ದೊಡ್ಡ ಮಾತಾಡಿರಬಹುದು ಅಂತ ನಾನೂ ಅಂದುಕೊಂಡಿದ್ದೆ. ಬಾಗಿಲ ಸಂದಿಯಿಂದ ಕೇಳಿಸುತ್ತಿದ್ದದ್ದು ಬೇರೆ. ಮೆಣಸಿನ ದುಡ್ಡು ಎಷ್ಟು ಬಂತು, ಎಷ್ಟು ಉಳಿದಿದೆ. ಗಬ್ಬದ ದನವನ್ನು ಯಾರಿಗೆ ಕೊಡೋದು. ಹಿಂದಿನ ಚರಂಡಿ ಮಣ್ಣು ತುಂಬಿದೆ, ತೆಗೆಸಿ. ಒಂದು ರಾತ್ರಿ ಮಾತ್ರ ಎರಡು ಗಂಟೆಯ ಅಲಾರಂ ಆದಾಗ "ಏಳೇ, ಮಾರ್ಫಿನ್" ಅಂದರು ಚಿಕ್ಕಪ್ಪ. ಎಷ್ಟು ಸಹಜವಾಗಿ ಅಂದರೆ, ಹಾಲು ತಗೋ ಅನ್ನುವ ಹಾಗೆ.

ಅವಳು ಹೋದದ್ದು ಮಧ್ಯಾಹ್ನ, ನಾವು ಯಾರೂ ಪಕ್ಕದಲ್ಲಿ ಇಲ್ಲದಾಗ. ಚಿಕ್ಕಪ್ಪ ಚರಂಡಿ ತೆಗೆಸುತ್ತಿದ್ದರು. 2018ರ ಗುಡ್ಡ ಕುಸಿತದ ಆಮೇಲೆ ಆಗಸ್ಟಿನ ಮಳೆ ಜೋರಾದರೆ ಎಲ್ಲರೂ ಗುಡ್ಡದ ಕಡೆ ನೋಡುತ್ತಾರೆ, ಹಾಗಾಗಿ ಜನ ಬಂದದ್ದೂ ಕಡಿಮೆ. ಸೌದೆ ಒದ್ದೆ. ನಾಲ್ಕು ಕಂಬಕ್ಕೆ ತಗಡು ಕಟ್ಟಿ, ಡೀಸೆಲ್ ಸುರಿದು, ಅಂತೂ ಮುಗಿಸಿದೆವು.

*

ಸಿನಿಮಾದಲ್ಲಿ ಸಾವು ಬಹಳ ಅಚ್ಚುಕಟ್ಟು. ಶುಭ್ರವಾದ ಹಾಸಿಗೆ. ತನ್ನನ್ನು ಗಟ್ಟಿಯಾಗಿ ತಬ್ಬಿಕೋ ಅಂತ ಜೆನ್ನಿ ಕೇಳುತ್ತಾಳೆ, ಅವನು ಹಾಸಿಗೆಯ ಮೇಲೆ ಪಕ್ಕದಲ್ಲಿ ಮಲಗುತ್ತಾನೆ. ಫ್ರಾನ್ಸಿಸ್ ಲೈಯ ಪಿಯಾನೋ ತನ್ನ ಕೆಲಸ ಮಾಡುತ್ತದೆ. ಏಳು ಆಸ್ಕರ್ ನಾಮನಿರ್ದೇಶನದಲ್ಲಿ ಗೆದ್ದದ್ದು ಅದೊಂದೇ, ಸಂಗೀತಕ್ಕೆ. ನನಗೆ ಅಳು ಬಂತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಚಿಕ್ಕಪ್ಪ ಅಳಲಿಲ್ಲ. ಅವರು ಹಾಸಿಗೆಯ ಅಳತೆ ನೋಡುತ್ತಿದ್ದರು. "ಇಬ್ಬರಿಗೆ ಆಗುತ್ತಲ್ಲ ಅದು" ಅಂದರು.

ಕೊನೆಯಲ್ಲಿ ಆಲಿವರನ ಅಪ್ಪ ಓಡಿ ಬರುತ್ತಾನೆ, ಸಾರಿ ಅನ್ನುತ್ತಾನೆ. ಆಲಿವರ್ ಅದಕ್ಕೆ ಪ್ರಸಿದ್ಧವಾದ ಆ ಮಾತು ಹೇಳುತ್ತಾನೆ, ಪ್ರೀತಿ ಇದ್ದಲ್ಲಿ ಸಾರಿ ಕೇಳುವುದು ಇರಲ್ಲ ಅನ್ನುವ ಅರ್ಥದ್ದು. ಇದನ್ನು ಹೇಳಿದಾಗ ಚಿಕ್ಕಪ್ಪ ಒಂದು ನಿಮಿಷ ಯೋಚಿಸಿದರು. "ನಾನು ಕೇಳಿದೆ" ಅಂದರು. "ಆ ಹತ್ತೊಂಬತ್ತು ದಿನದಲ್ಲಿ. ಅವಳೂ ಕೇಳಿದಳು."

ಮತ್ತೆ ಆ ಮಂಜಿನ ಮೈದಾನ. ಆಲಿವರ್ ಒಬ್ಬನೇ ಹೋಗಿ ಕೂರುತ್ತಾನೆ. ಕ್ಯಾಮೆರಾ ದೂರ ಸರಿಯುತ್ತದೆ.

"ಆ ಚಳಿಯಲ್ಲಿ ಅಲ್ಲೇ ಕೂತುಬಿಟ್ಟನಲ್ಲ" ಅಂದರು ಚಿಕ್ಕಪ್ಪ. "ಮನೆಯಲ್ಲಿ ಯಾರೂ ಇಲ್ವಾ ಅವನಿಗೆ?"

ನಾನು ಉತ್ತರ ಹುಡುಕುವಷ್ಟರಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬೆಳಕಿನಲ್ಲೇ ಅವರು ಕಂಬಳಿ ಮುಟ್ಟಿ ನೋಡಿ, ಇನ್ನೂ ಒಣಗಿಲ್ಲ ಅಂತ ಮಗುಚಿ ಹಾಕಿದರು.

"ನಾಡಿದ್ದು ಸೊಪ್ಪು ತರಬೇಕು, ನೆನಪಿಸು" ಅಂದು ಮಲಗೋಕೆ ಹೋದರು.